ಮಕ್ಕಳ ಆಟದ ಬಯಲು: ದಾನವೋ, ನಿಕ್ಷೇಪವೋ?

ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ದೇವಾಲಯಗಳನ್ನು ನಿರ್ಮಿಸುವುದು, ಅನ್ನದಾನ ಮಾಡುವುದು, ಉಪವನಗಳನ್ನು ಬೆಳೆಸುವುದು, ಇವೆಲ್ಲವನ್ನೂ ನಮ್ಮ ಧರ್ಮಶಾಸ್ತ್ರಗಳು ‘ಪೂರ್ತ’ವೆಂಬ ಒಂದೇ ಹೆಸರಿನಿಂದ ಕರೆದಿವೆ. ಯಜ್ಞಯಾಗಾದಿಗಳಾದ ‘ಇಷ್ಟ’ಕರ್ಮದ ಜೊತೆಯಲ್ಲಿಯೇ ಇದನ್ನು ಹೇಳಿರುವುದರಿಂದ ಲೋಕೋಪಕಾರವು ಧರ್ಮದ ಹೊರಗಿನ ವಿಷಯವಲ್ಲವೆಂಬುದು ಸ್ಪಷ್ಟ. ಬಾವಿ, ಕೆರೆ, ದೇಗುಲಗಳ ಸಾಲಿನಲ್ಲಿ ‘ಆರಾಮ’ವೂ ಸೇರಿರುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮಕ್ಕಳ ಆಟದ ಬಯಲನ್ನು ಆ ಪ್ರಸಿದ್ಧ ಸಾಲಿನಲ್ಲಿ ಬೇರೆಯಾಗಿ ಹೆಸರಿಸಿಲ್ಲ. ಹೆಸರಿಸುವ ಅಗತ್ಯವೂ ಅಂದು ಇದ್ದಿರಲಾರದು. ಹಳ್ಳಿಯಲ್ಲಿ ಸುಗ್ಗಿ ಮುಗಿದ ಕಣ, ಊರ ಮುಂದಿನ ತೋಪು, ಬೇಸಗೆಯ ಕೆರೆಯಂಗಳ, ದೇವಸ್ಥಾನದ ಪೌಳಿ, ಎಲ್ಲವೂ ಮಕ್ಕಳವೇ ಆಗಿದ್ದವು. ನಗರದ ಸ್ಥಿತಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಅಡಿ ನೆಲಕ್ಕೂ ಬೆಲೆಯುಂಟು. ಯಾರಾದರೂ ಮೀಸಲಿಟ್ಟು ಕಾಯದ ಹೊರತು ಬಯಲು ಉಳಿಯುವುದಿಲ್ಲ. ಆದ್ದರಿಂದ ಹಿಂದೆ ಏಳದಿದ್ದ ಪ್ರಶ್ನೆಯೊಂದು ಇಂದು ಎದ್ದಿದೆ. ಮಕ್ಕಳಿಗೆ ಆಟದ ಸ್ಥಳವನ್ನು ಬಿಟ್ಟುಕೊಡುವುದು ಹಿರಿಯರ ಔದಾರ್ಯವೋ, ಅಥವಾ ತೀರಿಸಲೇಬೇಕಾದ ಹೊಣೆಯೋ?

ಆಟವೆಂಬುದು ಕಾಲಹರಣ, ವಿದ್ಯಾರ್ಥಿಗೆ ಅದರಿಂದ ಪ್ರಯೋಜನವೇನು ಎಂದು ಕೆಲವರು ಆಕ್ಷೇಪಿಸುವುದುಂಟು. ಇದು ವಿಚಾರಕ್ಕೆ ನಿಲ್ಲುವ ಮಾತಲ್ಲ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈ ಬೆವರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಹಗಲಿನ ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ತಲೆದೋರುವುದು ಕಡಿಮೆಯೆಂದು ನೇತ್ರವೈದ್ಯರು ಕಂಡುಕೊಂಡಿದ್ದಾರೆ. ಎಲುಬಿಗೆ ಬಲ, ಹಸಿವು, ನಿದ್ರೆ, ಸೋಲನ್ನು ಸಹಿಸುವ ಶಕ್ತಿ, ಸರದಿಗಾಗಿ ಕಾಯುವ ಸಂಯಮ, ಇವು ಪುಸ್ತಕದಿಂದ ಬರತಕ್ಕವಲ್ಲ. ಶ್ರೀನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯವನ್ನು ಪಾರಾಯಣ ಮಾಡುವವರಿಗಂತೂ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಾಲಕ ವಾಸುದೇವನು ಓಟದಲ್ಲಿ, ನೆಗೆತದಲ್ಲಿ, ಈಜಿನಲ್ಲಿ, ಮಲ್ಲಯುದ್ಧದಲ್ಲಿ ಒಡನಾಡಿಗಳನ್ನೆಲ್ಲ ಮೀರಿಸಿದುದನ್ನು ಆ ಕಾವ್ಯವು ಸಂಕೋಚವಿಲ್ಲದೆ ವರ್ಣಿಸಿದೆ. ಆಟವು ವಿದ್ಯೆಗೆ ಶತ್ರುವಲ್ಲವೆಂಬುದಕ್ಕೆ ನಮಗೆ ಇಷ್ಟು ಸಾಕು.

ಆದುದರಿಂದ ವಿಚಾರಣೀಯವಾದುದು ಆಟವು ಬೇಕೋ ಬೇಡವೋ ಎಂಬುದಲ್ಲ. ಆಟದ ಬಯಲಿಗೂ ಮತ್ತೊಂದು ಸತ್ಕಾರ್ಯಕ್ಕೂ ವಿರೋಧ ಬಂದಾಗ ಯಾವುದು ನಿಲ್ಲಬೇಕು ಎಂಬುದೇ ಕಠಿಣವಾದ ಪ್ರಶ್ನೆ. ಇದಕ್ಕೆ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಯೋಜನೆಯಲ್ಲಿಯೇ ಮೀಸಲಿರಿಸಿದ್ದ ನಿವೇಶನವೊಂದಿತ್ತು. 1976ರಲ್ಲಿ ಸರಕಾರದ ಆದೇಶದ ಮೇರೆಗೆ ಅದನ್ನು ಆಸ್ಪತ್ರೆ ಕಟ್ಟಲು ಖಾಸಗಿ ವೈದ್ಯಕೀಯ ಟ್ರಸ್ಟೊಂದಕ್ಕೆ ಹಂಚಲಾಯಿತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೊದಲು ಏಕಸದಸ್ಯ ಪೀಠದಲ್ಲಿ ಅವರ ಅರ್ಜಿ ವಜಾ ಆಯಿತು. ವಿಭಾಗೀಯ ಪೀಠವು ಆ ನಿರ್ಣಯವನ್ನು ತಳ್ಳಿಹಾಕಿ ನಿವಾಸಿಗಳ ಅರ್ಜಿಯನ್ನು ಪುರಸ್ಕರಿಸಿತು. ಟ್ರಸ್ಟಿನವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಈ ನಿವಾಸಿಗಳಿಗೆ ಪ್ರಶ್ನಿಸುವ ಅಧಿಕಾರವೇ ಇಲ್ಲವೆಂಬ ವಾದವೂ ಅಲ್ಲಿ ಬಂತು. 1991ರ ಜುಲೈ 19ರಂದು ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಅವರು ತೀರ್ಪಿತ್ತು, ಉದ್ಯಾನದ ಪ್ರಯೋಜನ ಪಡೆಯತಕ್ಕ ಸ್ಥಳೀಯರಿಗೆ ಕೇಳುವ ಹಕ್ಕು ಉಂಟೆಂದೂ, ಉದ್ಯಾನಕ್ಕೆ ಮೀಸಲಾದುದನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಡತಕ್ಕದ್ದಲ್ಲವೆಂದೂ ನಿರ್ಣಯಿಸಿದರು. ಹದಿನೈದು ವರ್ಷಗಳ ಅವಧಿಯಲ್ಲಿ ಅಂದಿನ ಶಿಶುಗಳು ಆಟದ ವಯಸ್ಸನ್ನೇ ದಾಟಿಬಿಟ್ಟಿರಬೇಕು. ಹೋರಾಟದ ಫಲವು ಮುಂದೆ ಹುಟ್ಟಿದ ಮಕ್ಕಳಿಗೆ ದೊರಕಿತು.

ಇಲ್ಲಿ ಸಹೃದಯರಿಗೆ ಒಂದು ಸಂದೇಹ ಬರುವುದು ಸಹಜ. ರೋಗಿಗಳ ಶುಶ್ರೂಷೆಯು ಮಹಾಪುಣ್ಯಕರ. ಮಕ್ಕಳ ಜೋಕಾಲಿಗಿಂತ ರೋಗಿಯ ಹಾಸಿಗೆ ದೊಡ್ಡದಲ್ಲವೇ? ಆ ನಿವಾಸಿಗಳು ತಮ್ಮ ಅನುಕೂಲವನ್ನಷ್ಟೇ ನೋಡಿಕೊಂಡರೆಂದು ಏಕೆ ಹೇಳಬಾರದು?

ಸಮಾಧಾನವು ಹೀಗೆ. ದಾನವೆಂದರೆ ತನ್ನ ಸ್ವತ್ತಿನ ಮೇಲಿನ ಹಕ್ಕನ್ನು ತೊರೆದು ಅದನ್ನು ಮತ್ತೊಬ್ಬರ ಸ್ವತ್ತನ್ನಾಗಿಸುವುದು. ತನ್ನದಲ್ಲದ್ದನ್ನು ಕೊಟ್ಟರೆ ಅದು ಎಷ್ಟೇ ಸತ್ಪಾತ್ರಕ್ಕೆ ಸಂದರೂ ದಾನವಾಗುವುದಿಲ್ಲ. ಉದ್ಯಾನಕ್ಕೆ ಮೀಸಲಾದ ನೆಲ ಅಧಿಕಾರಿಯದೂ ಅಲ್ಲ, ಅಂದಿನ ನಿವಾಸಿಗಳದೂ ಅಲ್ಲ. ಅದು ಎಲ್ಲರದು; ಅರ್ಜಿಗೆ ಸಹಿ ಹಾಕಲಾರದ ಹಸುಳೆಗಳದೂ, ಇನ್ನೂ ಹುಟ್ಟದವರದೂ ಹೌದು. ಮನುಸ್ಮೃತಿಯು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಎರಡನೆಯದು ‘ನಿಕ್ಷೇಪ’, ಎಂದರೆ ನಂಬಿ ಒಪ್ಪಿಸಿದ ಇಡುಗಂಟು. ಇಡುಗಂಟನ್ನು ಪಡೆದವನು ಅದರಿಂದ ಧರ್ಮಕಾರ್ಯ ಮಾಡಿದೆನೆಂದು ಹೇಳಿ ಪಾರಾಗಲಾರನು. ಕೊಟ್ಟವನು ಕೇಳಿದಾಗ ಕೊಟ್ಟಂತೆಯೇ ಹಿಂದಿರುಗಿಸುವುದು ಅವನ ಧರ್ಮ. ಮಕ್ಕಳ ಬಯಲು ಹಿರಿಯರ ಕೈಯಲ್ಲಿರುವ ಇಂತಹ ಇಡುಗಂಟು. ಆಸ್ಪತ್ರೆಯು ಬೇಕಾದುದೇ, ಆದರೆ ಅದಕ್ಕೆ ಬೇರೆ ನೆಲವನ್ನು ಹುಡುಕಬಹುದು. ಮನೆಗಳೆದ್ದು ತುಂಬಿದ ಬಡಾವಣೆಯಲ್ಲಿ ಕಳೆದುಹೋದ ಬಯಲನ್ನು ಮತ್ತೆ ತರಲಾಗದು. ಅದೂ ಅಲ್ಲದೆ, ಹಣ ತೆತ್ತವರಿಗೆ ತೆರೆಯುವ ಖಾಸಗಿ ಶುಶ್ರೂಷಾಲಯವೂ ಎಲ್ಲರಿಗೂ ತೆರೆದಿರುವ ಉದ್ಯಾನವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ.

ಈ ವಿಷಯದಲ್ಲಿ ಶಾಸನಗಳಿಗೆ ಕೊರತೆಯಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ. ಮಕ್ಕಳ ಹಕ್ಕುಗಳ ಕುರಿತ 1989ರ ವಿಶ್ವಸಂಸ್ಥೆಯ ಒಡಂಬಡಿಕೆಯು ಆಟವನ್ನೂ ಹಕ್ಕೆಂದು ಒಪ್ಪಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಸಿತು. ಶಾಲೆಗೆ ಆಟದ ಮೈದಾನವಿರಬೇಕೆಂದು 2009ರ ಶಿಕ್ಷಣ ಹಕ್ಕಿನ ಅಧಿನಿಯಮವು ವಿಧಿಸಿದೆ. ಆದರೆ ಶಾಸನವು ನೆಲವನ್ನು ಉಳಿಸಬಲ್ಲುದೇ ಹೊರತು ಅದರ ಬಾಗಿಲನ್ನು ಮಕ್ಕಳಿಗೆ ತೆರೆಯಲಾರದು.

ಕಾರಣ, ಪರರಿಂದ ಕಾಪಾಡಿದ ಇಡುಗಂಟನ್ನು ಕಾವಲುಗಾರನೇ ಅನುಭವಿಸುವ ದೋಷವೂ ಒಂದುಂಟು. ಇಂದು ನಗರದ ಅನೇಕ ಉದ್ಯಾನಗಳ ದ್ವಾರದಲ್ಲಿ ‘ಚೆಂಡಾಟವಾಡಬಾರದು’, ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕಗಳು ಕಾಣುತ್ತವೆ. ಹೂವಿನ ಪಾತಿಗೂ ಹಿರಿಯರ ನಡಿಗೆಯ ಹಾದಿಗೂ ಇರುವ ಗೌರವ ಮಕ್ಕಳ ಓಟಕ್ಕಿಲ್ಲ. ಹಿರಿಯರ ಕಷ್ಟವನ್ನು ಅಲ್ಲಗಳೆಯುವಂತಿಲ್ಲ. ಎಪ್ಪತ್ತು ದಾಟಿದವರಿಗೆ ವೇಗದ ಚೆಂಡೊಂದು ತಗುಲಿದರೆ ಮೂಳೆ ಮುರಿಯಬಹುದು. ಆದರೆ ಇದಕ್ಕೆ ಪರಿಹಾರವು ನಿಷೇಧವಲ್ಲ, ವಿಭಾಗ. ಮುಂಜಾನೆ ಹಿರಿಯರಿಗೆ, ಸಂಜೆ ಶಾಲೆ ಬಿಟ್ಟ ಮೇಲಿನ ಎರಡು ತಾಸು ಮಕ್ಕಳಿಗೆ. ಒಂದು ಮೂಲೆ ಪುಟ್ಟ ಶಿಶುಗಳ ಮರಳಿಗೆ, ಇನ್ನೊಂದು ದೊಡ್ಡವರ ಚೆಂಡಿಗೆ. ಮಡಿ, ಪೂಜೆ, ಪಂಕ್ತಿಗಳಲ್ಲಿ ಇಷ್ಟೊಂದು ವ್ಯವಸ್ಥೆಯನ್ನು ಪಾಲಿಸಬಲ್ಲ ನಮಗೆ ಇದು ಅಸಾಧ್ಯವೇನಲ್ಲ.

ಬಯಲು ಇದ್ದರೂ ಅಲ್ಲಿಗೆ ಹೋಗುವ ಹಾದಿಯು ಭಯವಿಲ್ಲದ್ದಾಗಿರಬೇಕು. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ತಗುಲಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ವೇಗವು 50 ಕಿಲೋಮೀಟರ್ ಆದಾಗ ಪ್ರಾಣಾಪಾಯವು ಬಹುಪಾಲು ಹೆಚ್ಚುತ್ತದೆ. ಬಡಾವಣೆಯವರು ಒಟ್ಟಾಗಿ ಕೇಳಿದರೆ ಉದ್ಯಾನದ ಬೀದಿಗೆ ವೇಗತಡೆ ಹಾಕಿಸಬಹುದು, ತೆರೆದ ಚರಂಡಿಗೆ ಚಪ್ಪಡಿ ಮುಚ್ಚಿಸಬಹುದು, ಕಾಲುದಾರಿಯ ವಿದ್ಯುತ್ ಪೆಟ್ಟಿಗೆಗೆ ಬೇಲಿ ಕಟ್ಟಿಸಬಹುದು. ತುಕ್ಕು ಹಿಡಿದ ಜಾರುಬಂಡಿಯನ್ನೂ ಸವೆದ ಜೋಕಾಲಿ ಸರಪಳಿಯನ್ನೂ ತಿಂಗಳಿಗೊಮ್ಮೆ ಕೈಯಿಂದ ಮುಟ್ಟಿ ನೋಡುವವರೊಬ್ಬರು ಬೇಕು. ಸಂಜೆ ಒಬ್ಬರಾದರೂ ಹಿರಿಯರು ಸರದಿಯ ಮೇಲೆ ಅಲ್ಲಿ ಕುಳಿತಿದ್ದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ. ಜಪಮಾಲೆ ಹಿಡಿದು ಅಲ್ಲಿಯೇ ಕುಳಿತರೆ ಜಪಕ್ಕೂ ಲೋಪವಾಗದು.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸಲಾಗದು. ‘ನಮ್ಮ ಮಕ್ಕಳು’ ಎಂದಾಗ ಯಾರನ್ನು ಎಣಿಸುತ್ತೇವೆ? ಎದುರಿನ ಕಟ್ಟಡದ ಗಾರೆಕೆಲಸದವರ ಮಗು, ಮನೆಗೆಲಸದಾಕೆಯೊಡನೆ ಬಂದು ಮೆಟ್ಟಿಲಲ್ಲಿ ಕೂರುವ ಮಗು, ಇವರಿಗೂ ಆ ಬಾಗಿಲು ತೆರೆದಿದೆಯೇ? ಮನೆಯೊಳಗೆ ಆಟಕ್ಕೆ ಸ್ಥಳವಿರುವ ಮಗುವಿಗಿಂತ ಒಂದೇ ಕೋಣೆಯಲ್ಲಿ ಐವರೊಡನೆ ಮಲಗುವ ಮಗುವಿಗೆ ಬಯಲಿನ ಅಗತ್ಯ ಹೆಚ್ಚು. ನಿಕ್ಷೇಪದ ನ್ಯಾಯದಂತೆ ಇಡುಗಂಟು ಎಲ್ಲರದಾದರೆ ಒಬ್ಬರನ್ನು ಹೊರಗಿಟ್ಟು ಉಳಿದವರಿಗೆ ಕೊಡುವುದೂ ಅಪಹಾರವೇ.

ದೇವಸ್ಥಾನಗಳ ಆಡಳಿತ ಮಂಡಲಿಗಳೂ ಈ ಬಗ್ಗೆ ಆಲೋಚಿಸಬಹುದು. ಉತ್ಸವದ ದಿನಗಳನ್ನು ಬಿಟ್ಟರೆ ಹಲವು ದೇವಸ್ಥಾನಗಳ ಹೊರ ಆವರಣ ಸಂಜೆಯವರೆಗೆ ಬರಿದಾಗಿರುತ್ತದೆ, ಇಲ್ಲವೇ ವಾಹನಗಳ ತಂಗುದಾಣವಾಗಿರುತ್ತದೆ. ದೀಪಾರಾಧನೆಗೆ ಮೊದಲು ಒಂದು ತಾಸು ಆ ಅಂಗಳವನ್ನು ಬೀದಿಯ ಮಕ್ಕಳಿಗೆಲ್ಲ ತೆರೆದರೆ, ಆಡಿದ ಮಕ್ಕಳು ಕೈಕಾಲು ತೊಳೆದು ಮಂಗಳಾರತಿಗೆ ನಿಲ್ಲುವರು.

ಪೂರ್ತಧರ್ಮದಲ್ಲಿ ಬಾವಿಯನ್ನು ತೋಡಿಸಿದವನಿಗೆ ಎಷ್ಟು ಫಲವೋ, ಹೂಳು ತುಂಬಿದ ಹಳೆಯ ಬಾವಿಯನ್ನು ಶುದ್ಧಗೊಳಿಸಿದವನಿಗೂ ಫಲವುಂಟೆಂದು ಹಿರಿಯರ ಮಾತು. ಹೊಸ ಬಯಲನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಇರುವ ಬಯಲನ್ನು ಕುಂದಿಲ್ಲದೆ ಮುಂದಿನವರ ಕೈಗೆ ಒಪ್ಪಿಸುವ ಶಕ್ತಿ ಎಲ್ಲರಿಗೂ ಇದೆ. ಅದು ಔದಾರ್ಯವಲ್ಲ, ಪಡೆದುದನ್ನು ಹಿಂದಿರುಗಿಸುವುದಷ್ಟೆ. ಗೋಕುಲದ ಬಯಲಿನಲ್ಲಿ ಗೆಳೆಯರೊಡನೆ ಆಡಿದ ಬಾಲಕೃಷ್ಣನು ಈ ಅಲ್ಪ ಸೇವೆಯಿಂದ ಪ್ರೀತನಾಗಲಿ.

ಶ್ರೀಕೃಷ್ಣಾರ್ಪಣಮಸ್ತು