ಎಂಜಿನ್ ದೊಡ್ಡದಾದಾಗ ಕ್ಲಚ್ಚಿನ ಪಾಡು

ಚಿಂಚೋಳಿಯಲ್ಲಾಗಲಿ ಸೇಡಂನಲ್ಲಾಗಲಿ ಗ್ಯಾರೇಜಿನ ಮುಂದೆ ಒಂದು ಗಳಿಗೆ ನಿಂತು ನೋಡಿ. ಗಾಡಿ ತಂದವರು ಕೇಳುವ ಮೊದಲ ಮಾತು, "ಉಸ್ತಾದ್, ಪಿಕಪ್ ಹೆಂಗ ಬರ್ತದ?" ಎರಡನೆಯದು, "ಎಷ್ಟರ ಮ್ಯಾಲ ಓಡ್ತದ?" ಬ್ರೇಕ್ ಒತ್ತಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಕೇಳುವವರು ತೀರಾ ಅಪರೂಪ. ಓಡುವುದು ಗಾಡಿಯ ಗುಣ, ನಿಲ್ಲುವುದು ದೇವರ ದಯೆ ಅನ್ನುವ ಲೆಕ್ಕ ನಮ್ಮದು.

ಎಂಜಿನ್ ಬದಲಿಸುವ ಚಟ ನಮಗೆ ಹೊಸದಲ್ಲ. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡಿಸುವ ಕೆಲಸ ಒಂದು ಕಾಲಕ್ಕೆ ಊರೂರಲ್ಲಿ ನಡೆಯುತ್ತಿತ್ತು. ಅಂಬಾಸಿಡರ್‌ಗಳಿಗೂ ಅದೇ ಭಾಗ್ಯ. ರೇಸ್ ಟ್ರ್ಯಾಕಿಗೆಂದೇ ಕಾರು ಕಟ್ಟುವ ಇಂದಿನ ಹುಡುಗರು ಮಾಡುವುದೂ ಅದನ್ನೇ: ಹಗುರಾದ ಹಳೆಯ ಕಾರು ಹುಡುಕುವುದು, ಅದರೊಳಗೆ ಇನ್ನೂ ಜೋರಾದ ಎಂಜಿನ್ ಇಡುವುದು. ಉದ್ದೇಶ ಬೇರೆ. ಜೀಪಿನವನಿಗೆ ಡೀಸೆಲ್ಲಿನ ಉಳಿತಾಯ ಬೇಕಿತ್ತು, ಇವರಿಗೆ ಲ್ಯಾಪಿನಲ್ಲಿ ಸೆಕೆಂಡುಗಳ ಉಳಿತಾಯ. ಕಬ್ಬಿಣಕ್ಕೆ ಮಾತ್ರ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕೆಲಸ ನೋಡಲು ಚೆಂದ. ಚೈನ್ ಪುಲ್ಲಿಗೆ ನೇತುಬಿದ್ದ ಹೊಸ ಎಂಜಿನ್ ತೊಟ್ಟಿಲಿನಂತೆ ಮೆಲ್ಲಗೆ ತೂಗುತ್ತಾ ಬಾನೆಟ್ಟಿನ ಗೂಡಿಗೆ ಇಳಿಯುತ್ತದೆ. ಇಳಿದ ಮೇಲೆ ಗೊತ್ತಾಗುವುದು, ಮೌಂಟಿಂಗ್ ತೂತು ಕೂಡುವುದಿಲ್ಲ. ಗ್ಯಾಸ್ ಕಟರಿನಿಂದ ಹಳೆಯ ಬ್ರಾಕೆಟ್ ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ಒಂದು ದಪ್ಪ ಪ್ಲೇಟ್ ಕೊರೆಸಿ ಕೂಡಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಉದ್ದವಾಯಿತೆಂದು ಲೇತಿಗೆ ಒಯ್ದು ಕತ್ತರಿಸಿ ಬೆಸೆದರೆ, ಬ್ಯಾಲೆನ್ಸ್ ಕೂದಲೆಳೆ ತಪ್ಪಿದರೂ ವೇಗದಲ್ಲಿ ಇಡೀ ಗಾಡಿ ಗಡಗಡ ನಡುಗುತ್ತದೆ. ಇಷ್ಟೆಲ್ಲ ಮುಗಿಸಿ ಚಾವಿ ತಿರುವಿದಾಗ ಬರುವ ಆ ಗುಡುಗಿಗೆ ಮೈ ಝುಮ್ಮೆನ್ನದವರು ಯಾರೂ ಇಲ್ಲ. ನನಗೂ ಅನ್ನುತ್ತದೆ.

ಆಮೇಲೆ ಸಾಲಗಾರರು ಒಬ್ಬೊಬ್ಬರೇ ಬರತೊಡಗುತ್ತಾರೆ. ಮೊದಲಿಗೆ ಕ್ಲಚ್ ಪ್ಲೇಟ್. ಹಳೆಯ ಎಂಜಿನ್ನಿನ ತಿರುಚುವ ಬಲಕ್ಕೆ ಮಾಡಿದ ಪ್ಲೇಟ್ ಹೊಸದರ ಕೈಯಲ್ಲಿ ಜಾರಿ ಸುಟ್ಟು ವಾಸನೆ ಹೊಡೆಯುತ್ತದೆ. ಅದನ್ನು ಗಟ್ಟಿಯದು ಹಾಕಿಸಿದರೆ ಪೆಟ್ಟು ಗೇರ್‌ಬಾಕ್ಸಿನ ಹಲ್ಲಿಗೆ, ಅದೂ ತಡೆದರೆ ಹಿಂದಿನ ಆಕ್ಸಲ್‌ಗೆ. ರೇಡಿಯೇಟರ್ ನೀರು ಕುದಿಯುತ್ತದೆ. ಮೂಗು ಭಾರವಾದ ಕಾರು ತಿರುವಿನಲ್ಲಿ ಸ್ಟೀರಿಂಗ್ ಮಾತು ಕೇಳದೆ ನೆಟ್ಟಗೆ ಹೋಗಲು ಹವಣಿಸುತ್ತದೆ. ಕೊನೆಗೆ ಬ್ರೇಕ್. ಅದರ ಗಣಿತ ನಿರ್ದಯವಾದದ್ದು: ಗಂಟೆಗೆ 60 ಕಿಲೋಮೀಟರ್ ಓಡುತ್ತಿದ್ದದ್ದು 90 ಆದರೆ ವೇಗ ಏರಿದ್ದು ಒಂದೂವರೆ ಪಟ್ಟು, ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಬಿಸಿ ಎರಡೂಕಾಲು ಪಟ್ಟು. ಆ ಬಿಸಿಗೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಕಟ್ಟಿದರೆ ಪೆಡಲ್ ಸೀದಾ ನೆಲ ಮುಟ್ಟುತ್ತದೆ.

ನನ್ನನ್ನು ಕಾಡುವುದು ಇದೇ. ಶಕ್ತಿ ಬೇಕೆಂದವನು ಮಾಲೀಕ, ತಂದುಕೊಟ್ಟದ್ದು ಎಂಜಿನ್, ಹೊಗಳಿಸಿಕೊಳ್ಳುವವರೂ ಅವರಿಬ್ಬರೇ. ತೆರುವುದು ಮಾತ್ರ ಏನನ್ನೂ ಕೇಳದೆ ಕೆಳಗೆ ಕುಳಿತ ಕ್ಲಚ್ಚು, ಆಕ್ಸಲ್ಲು, ಬ್ರೇಕು. ಹೊಲದಲ್ಲೂ ಹೀಗೇ. 5 ಎಚ್‌ಪಿ ಮೋಟಾರ್ ತೆಗೆದು ಸದ್ದಿಲ್ಲದೆ ಏಳೂವರೆಯದು ಇಳಿಸಿದವನ ಬೋರಿಗೆ ನೀರು ಜೋರಾಗಿ ಬರುತ್ತದೆ, ಆ ಹೊರೆಗೆ ಟ್ರಾನ್ಸ್‌ಫಾರ್ಮರ್ (ಟಿಸಿ) ಸುಟ್ಟಾಗ ಒಣಗುವುದು ಅದಕ್ಕೆ ಜೋಡಿಸಿಕೊಂಡ ಎಲ್ಲರ ಬೆಳೆ.

ಹಾಗೆಂದು ಹೆಚ್ಚು ಶಕ್ತಿ ಬಯಸುವುದೇ ಪಾಪ ಎಂದು ಉಪದೇಶಿಸಲು ನಾನು ಕುಳಿತಿಲ್ಲ. ಬಯಕೆಯ ಜೊತೆ ಸಾಲವನ್ನೂ ಒಪ್ಪಿಕೊಂಡವರಿದ್ದಾರೆ. ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎಸಿ ಕಂಪನಿಯ ಪುಟ್ಟ ಕಾರಿಗೆ ಫೋರ್ಡಿನ ವಿ8 ಎಂಜಿನ್ ಇಟ್ಟು ಕೋಬ್ರಾ ಮಾಡಿದ. ರೇಸುಗಳಲ್ಲಿ ಹೆಸರಾಯಿತು. ಮುಂದೆ 7 ಲೀಟರಿನ ದೈತ್ಯ ಎಂಜಿನ್ ಕೂಡಿಸಲು ಹೊರಟಾಗ ಹಳೆಯ ಚಾಸಿಗೆ ಅದನ್ನು ತುರುಕಿ ಕೈತೊಳೆದುಕೊಳ್ಳಲಿಲ್ಲ. ಚಾಸಿಯ 3 ಇಂಚಿನ ಕೊಳವೆಗಳ ಜಾಗಕ್ಕೆ 4 ಇಂಚಿನವು ಬಂದವು, ಪಟ್ಟಿ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು, ಕಾರನ್ನೇ ಹೊಸದಾಗಿ ಕಟ್ಟಿದಂತಾಯಿತು. ನಮ್ಮ ಹಿಂದೂಸ್ತಾನ್ ಮೋಟರ್ಸ್ ಕೂಡ 1984ರಲ್ಲಿ ಕಾಂಟೆಸ್ಸಾ ತಂದಾಗ ಅಷ್ಟು ದೊಡ್ಡ ಮೈಗೆ ಅಂಬಾಸಿಡರಿನ 1,489 ಸಿಸಿ ಎಂಜಿನ್ನನ್ನೇ ಕೊಟ್ಟಿತ್ತು; ಗಾಡಿ ಏದುಸಿರು ಬಿಡುತ್ತಿತ್ತು. ಕೆಲವು ವರ್ಷಗಳ ಮೇಲೆ ಇಸುಜು ಎಂಜಿನ್ ಹಾಕಿದಾಗ ಅದಕ್ಕೆ ತಕ್ಕ ಐದು ಗೇರಿನ ಪೆಟ್ಟಿಗೆಯನ್ನೂ ಕೂಡಿಸಿಯೇ ಮಾರುಕಟ್ಟೆಗೆ ಬಿಟ್ಟರು.

ರೇಸ್ ಟ್ರ್ಯಾಕನ್ನು ನಾನು ಗೌರವಿಸುವುದು ಇದೇ ಕಾರಣಕ್ಕೆ. ಅಲ್ಲಿ ಕಾರು ಹೊರಡುವ ಮೊದಲೇ ತಪಾಸಣೆ: ಬ್ರೇಕು, ಸೀಟಿನ ಪಟ್ಟಿ, ಹೆಲ್ಮೆಟ್ಟು, ಬೆಂಕಿ ಆರಿಸುವ ಸಿಲಿಂಡರ್. ಎದುರಿನಿಂದ ಯಾರೂ ಬರುವುದಿಲ್ಲ, ನಡುವೆ ಎಮ್ಮೆ ನಿಂತಿರುವುದಿಲ್ಲ. ಶಕ್ತಿ ಬೇಕೆಂದವನೇ ಅದರ ಅಪಾಯವನ್ನು ಬಹುಪಾಲು ತನ್ನ ಮೈಮೇಲೆ ಹೊರುತ್ತಾನೆ. (ಬಾವುಟ ಹಿಡಿದು ಬಿಸಿಲಲ್ಲಿ ನಿಲ್ಲುವ ಮಾರ್ಷಲ್‌ಗಳನ್ನು ಮರೆಯಬಾರದು. ಅವರ ಪಾಲೂ ಒಂದಿಷ್ಟಿದೆ.) ಇನ್ನೊಂದು ಸಂಗತಿ, ಟ್ರ್ಯಾಕಿನಲ್ಲಿ ದೊಡ್ಡ ಎಂಜಿನ್ನೇ ದೊಡ್ಡ ಗುರು ಅಲ್ಲ. ಕೊಯಮತ್ತೂರಿನ ಕರಿವರ್ಧನ್ ಕಟ್ಟಿದ ಫಾರ್ಮುಲಾ ಮಾರುತಿ ಕಾರಿನಲ್ಲಿ ಇದ್ದದ್ದು ನಮ್ಮ ಮಾರುತಿ 800ರ 796 ಸಿಸಿ ಎಂಜಿನ್. ಆ ಪುಟ್ಟ ಕಾರಿನಲ್ಲಿ ರೇಸಿಗಿಳಿದವರಲ್ಲಿ ನಾರಾಯಣ್ ಕಾರ್ತಿಕೇಯನ್ ಒಬ್ಬರು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ಅವರೇ.

ನಮ್ಮ ರಸ್ತೆಯ ಕಥೆ ಬೇರೆ. ವಾಡಿ ಕಡೆ ಸಿಮೆಂಟಿನ ಲಾರಿಗಳು, ಶಹಾಬಾದ್ ಕಡೆ ಪರ್ಸಿ ಕಲ್ಲು ಹೇರಿದ ಟ್ರ್ಯಾಕ್ಟರ್‌ಗಳು, ತೊಗರಿ ರಾಶಿಯ ಕಾಲಕ್ಕೆ ಹಿಂದೆ ಲೈಟೇ ಇಲ್ಲದ ಟ್ರಾಲಿಗಳು, ಬಾಗಿಲಿಗೆ ಜೋತುಬಿದ್ದ ಜನರ ಟಂಟಂ. ಇದರ ನಡುವೆ ಎಂಜಿನ್ ಏರಿಸಿದ, ಬ್ರೇಕ್ ಏರಿಸದ ಒಂದು ಕಾರು ಬಂದರೆ ಕ್ಲಚ್ ಪ್ಲೇಟಿನ ಸ್ಥಾನಕ್ಕೆ ಸೈಕಲ್ ತಳ್ಳಿಕೊಂಡು ಹೋಗುವ ಮುದುಕ ಬಂದು ನಿಲ್ಲುತ್ತಾನೆ. ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದನ್ನು ಹುಡುಗರು ಆರ್‌ಟಿಒ ಕಿರಿಕಿರಿ ಅಂದುಕೊಳ್ಳುತ್ತಾರೆ. ನನಗೆ ಅದು ಆ ಮುದುಕನ ಪರವಾಗಿ ಬರೆದ ಸಾಲು ಅನಿಸುತ್ತದೆ.

ಆದ್ದರಿಂದ ತಂದೆ-ತಾಯಂದಿರಲ್ಲಿ, ಅಣ್ಣಂದಿರಲ್ಲಿ ಒಂದು ಬಿನ್ನಹ. ಮನೆಯ ಹುಡುಗ ಎಂಜಿನ್ ಬದಲಿಸಲು ರೊಕ್ಕ ಕೇಳಿದರೆ ಬೈದು ಅಟ್ಟಬೇಡಿ. ಕಬ್ಬಿಣದ ಮೇಲೆ ಅಷ್ಟು ಪ್ರೀತಿ ಇರುವ ಹುಡುಗ ನಾಳೆ ಒಳ್ಳೆಯ ಮಿಸ್ತ್ರಿಯೋ ಎಂಜಿನಿಯರನೋ ಆದಾನು. ಮೊದಲು ಬ್ರೇಕು, ಕ್ಲಚ್ಚು, ರೇಡಿಯೇಟರಿನ ಎಸ್ಟಿಮೇಟ್ ಬರೆಸಿಕೊಂಡು ಬಾ ಅನ್ನಿ. ತಂದರೆ, ಆ ಕಾರನ್ನು ಲಾರಿಯ ಮೇಲೆ ಹೇರಿಸಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಕಳಿಸಿ, ಕೈಲಾದರೆ ನೀವೂ ಜೊತೆಗೆ ಹೋಗಿ ಚಪ್ಪಾಳೆ ತಟ್ಟಿ. ತರದಿದ್ದರೆ ಚಾವಿ ನಿಮ್ಮ ಹತ್ತಿರವೇ ಇರಲಿ.