ಉಳಿತಾಯ ಯಾರದು, ಅಪಾಯ ಯಾರದು?

ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಕಾರು ಎಂದರೆ ಬಹುಕಾಲ ಕಣ್ಣೆದುರು ಬರುತ್ತಿದ್ದುದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100ರ ಈ ವಂಶಜೆ ಹುಟ್ಟುತ್ತಿದ್ದುದು ಇಲ್ಲಿಯ ಕುರ್ಲಾದ ಕಾರ್ಖಾನೆಯಲ್ಲಿ. ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದು ಆಕೆ ಈ ನಗರದ ಬೀದಿಗಳಿಂದ ನಿವೃತ್ತಳಾದದ್ದು 2023ರ ಅಕ್ಟೋಬರಿನಲ್ಲಿ. ಅಂಥ ಒಂದು ಹಳೆಯ ಖಾಸಗಿ ಕಾರನ್ನು 2011ರಲ್ಲಿ ನಾನು ಕೊಂಡೆ. ಗುಮಾಸ್ತನ ಸಂಬಳದಲ್ಲಿ ಕೊಳ್ಳುವುದೇನೋ ಆಯಿತು. ಗ್ಯಾರೇಜಿಗೆ ಸುರಿಯುವ ತಾಕತ್ತಿರಲಿಲ್ಲ. ಹೀಗಾಗಿ ಭಾನುವಾರಗಳಲ್ಲಿ ಪಾನಾ ಹಿಡಿದು ನಾನೇ ಮೆಕ್ಯಾನಿಕ್ ಆದೆ.

ಈ ಕಾರಿನ ದೊಡ್ಡ ಗುಣವೆಂದರೆ ಅದು ಸಾಮಾನ್ಯನಿಗೆ ಅರ್ಥವಾಗುತ್ತದೆ. 1089 ಸಿ.ಸಿ. ಎಂಜಿನ್, ಒಂದು ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರಿನಲ್ಲಿ ಒಂದು ಜೊತೆ ಪಾಯಿಂಟು. ಪಾಯಿಂಟು ಕಪ್ಪಾದರೆ ಪಾಲಿಶ್ ಪೇಪರಿನಿಂದ ಉಜ್ಜಿ, ಫೀಲರ್ ಗೇಜಿನಿಂದ ಸಂದು ಸರಿಪಡಿಸಿದರಾಯಿತು. ಹರಿದ ಸೀಟಿಗೆ ಮನೆಯಾಕೆಯ ಹೊಲಿಗೆ, ತುಕ್ಕಿನ ತೂತಿಗೆ ತಗಡಿನ ತೇಪೆ, ಬಾಗಿಲ ಹಿಡಿಕೆಗೆ ಚೋರ್ ಬಜಾರು. ಇವು ಕೈಕೊಟ್ಟರೆ ಆಗುವುದೇನು? ಕಾರು ನಿಲ್ಲುತ್ತದೆ, ಮಳೆ ಒಳಗೆ ಸೋರುತ್ತದೆ, ನೆರೆಯವರು ನಗುತ್ತಾರೆ. ನಷ್ಟ ನನ್ನದು, ಆದುದರಿಂದ ಆ ಉಳಿತಾಯವೂ ನನ್ನ ಹಕ್ಕು.

ಒಂದು ಭಾನುವಾರ ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದೆ. ಪೆಡಲು ತುಳಿದಾಗ ಬ್ರೇಕ್ ಎಣ್ಣೆಯ ಒತ್ತಡ ಚಕ್ರದ ಸಿಲಿಂಡರಿಗೆ ಬಂದು, ಅಲ್ಲಿಯ ಪಿಸ್ಟನ್ನುಗಳು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಎಣ್ಣೆ ಸೋರದಂತೆ ಕಾಯುವುದು ಒಂದು ಪುಟ್ಟ ರಬ್ಬರು. ಅದರ ಅಂಚು ಸವೆದಿತ್ತು. ಹೊಸದಕ್ಕೆ ಬೆಲೆ ಹೆಚ್ಚೇನಲ್ಲ. ಆದರೆ ತಿಂಗಳ ಕೊನೆ. ತೊಳೆದು ಒರೆಸಿ ಅದನ್ನೇ ಕೂಡಿಸಿದೆ.

ನಾಲ್ಕನೆಯ ದಿನ, ನಮ್ಮ ಕಟ್ಟಡದ ಇಳಿಜಾರು ಗೇಟಿನಲ್ಲಿ ಪೆಡಲು ತಳ ಮುಟ್ಟಿತು. ಎದುರಿಗೆ ಶಾಲೆಯ ಚೀಲ ಹೊತ್ತ ಹುಡುಗ. ಕೈಬ್ರೇಕು ಜಗ್ಗಿದೆ. ಒಂದು ಮಾರು ದೂರದಲ್ಲಿ ಕಾರು ನಿಂತಿತು. ಹುಡುಗ ತಿರುಗಿಯೂ ನೋಡದೆ ಹೊರಟುಹೋದ. ಅವನಿಗೆ ಇಂದಿಗೂ ಏನೂ ಗೊತ್ತಿಲ್ಲ. ರಾತ್ರಿ ಹೆಂಡತಿಗೆ ಹೇಳಿದೆ. ಆಕೆ ಬೈಯಲಿಲ್ಲ. "ಎಷ್ಟು ಉಳಿಸಿದ್ರಿ?" ಎಂದು ಮಾತ್ರ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನನಗೆ ತೋರಿದ್ದಿಷ್ಟು. ನಾನು ಉಳಿಸಿದ ಹಣ ನನ್ನ ಜೇಬಿನಲ್ಲಿತ್ತು. ಅದರ ಬೆಲೆಯನ್ನು ಆ ಹುಡುಗನ ಮೇಲೆ ಹೊರಿಸಿದ್ದೆ, ಅವನನ್ನು ಕೇಳದೆ. ಇದು ಮಿತವ್ಯಯವಲ್ಲ, ಹೇಳದೆ ಮಾಡಿದ ಸಾಲ.

ಮಾರ್ಪಾಡುಗಳಿಗೂ ಇದೇ ಮಾತು. ಹೆಡ್‌ಲೈಟಿಗೆ ಹೆಚ್ಚು ವಾಟ್‌ನ ಬಲ್ಬು ಹಾಕಿದರೆ ನನಗೆ ದಾರಿ ಕಾಣುತ್ತದೆ, ಎದುರಿನವನಿಗೆ ಕಣ್ಣು ಕತ್ತಲಿಡುತ್ತದೆ. ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯಿದೆ ಮಿತಿ ಹಾಕಿದೆ. ಕಾಯಿದೆ ಇಲ್ಲದಿದ್ದರೂ ಎದುರಿನವನ ಕಣ್ಣು ಇದ್ದೇ ಇದೆ.

"ಹಣವಿಲ್ಲದವನು ಏನು ಮಾಡಬೇಕು?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾವೆಲ್ಲ ಆ ಸಾಲಿನವರೇ. ಬಡತನ ನಮಗೆ ಹರಿದ ಸೀಟಿನಲ್ಲಿ ಕೂಡುವ ಹಕ್ಕು ಕೊಡುತ್ತದೆ, ಒಂದು ತಿಂಗಳು ಕಾರು ನಿಲ್ಲಿಸಿ ಲೋಕಲ್ ಗಾಡಿಯಲ್ಲಿ ಹೋಗುವ ದಾರಿಯನ್ನೂ ತೋರಿಸುತ್ತದೆ. ನಮ್ಮ ಕೊರತೆಯನ್ನು ದಾರಿಹೋಕನ ತಲೆಗೆ ಕಟ್ಟುವ ಹಕ್ಕನ್ನು ಮಾತ್ರ ಕೊಡುವುದಿಲ್ಲ.

ಇನ್ನೊಂದು ಮಾತು. ಗ್ಯಾರೇಜಿಗೆ ಕೊಟ್ಟವನು "ನನಗೆ ತಿಳಿದಿರಲಿಲ್ಲ" ಎನ್ನಬಹುದು. ಸ್ವತಃ ಡ್ರಮ್ ಬಿಚ್ಚಿ ಸವೆದ ರಬ್ಬರನ್ನು ಕಣ್ಣಾರೆ ಕಂಡವನಿಗೆ ಆ ನೆವವಿಲ್ಲ. ಕೈಗೆ ಬಂದ ವಿದ್ಯೆ ಖರ್ಚು ಇಳಿಸುತ್ತದೆ, ಹೊಣೆ ಏರಿಸುತ್ತದೆ.

ಅಂದಿನಿಂದ ಯಾವ ಭಾಗ ಬಿಚ್ಚಿದರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಕೆಟ್ಟರೆ ಮೊದಲು ನೋಯುವವರು ಯಾರು? ನಾನೊಬ್ಬನೇ ಆದರೆ ತೇಪೆ ಹಾಕುತ್ತೇನೆ. ಬೇರೆಯವರಾದರೆ ಹೊಸದನ್ನೇ ತರುತ್ತೇನೆ, ತಿಂಗಳ ಕೊನೆಯಾದರೂ.