ಕೂಲಿ, ಬಿಟ್ಟಿ, ದಾನ, ಮುಯ್ಯಿ

ಒಬ್ಬನು ಇನ್ನೊಬ್ಬನಿಗಾಗಿ ಮೈಬಗ್ಗಿಸಿ ದುಡಿಯುವುದಕ್ಕೆ ಕನ್ನಡದಲ್ಲಿ ನಾಲ್ಕು ಹೆಸರುಗಳುಂಟು. ಹಣಕ್ಕಾಗಿ ದುಡಿದರೆ ಅದು ಕೂಲಿ. ಅಧಿಕಾರಕ್ಕೆ ಅಂಜಿ ದುಡಿದರೆ ಅದು ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಮಾತಿನಲ್ಲಿ, ಎಷ್ಟೋ ತಲೆಮಾರುಗಳು ಬಲಾಢ್ಯರಿಗೆ ಸಂಬಳವಿಲ್ಲದೆ ದುಡಿದ ನೋವು ಅಡಗಿದೆ. ಕರುಣೆಯಿಂದ, ಮರಳಿ ಏನನ್ನೂ ಬಯಸದೆ ದುಡಿದರೆ ಅದು ದಾನ. ನಾಲ್ಕನೆಯದು ಒಕ್ಕಲು ಮಕ್ಕಳು ಬಲ್ಲ ಮುಯ್ಯಾಳು: ನಾಟಿಯ ಕಾಲದಲ್ಲಿಯೋ ಕೊಯ್ಲಿನ ಕಾಲದಲ್ಲಿಯೋ ಈ ಮನೆಯವರು ಆ ಮನೆಯವರ ಗದ್ದೆಗಿಳಿಯುವರು, ಸರದಿ ಬಂದಾಗ ಆ ಮನೆಯವರು ಈ ಗದ್ದೆಗೆ ಬರುವರು. ಇಲ್ಲಿ ಕೈಗೆ ಹಣ ಬೀಳುವುದಿಲ್ಲ, ಮೇಲೆ ಅಂಜಿಕೆಯಿಲ್ಲ, ಒಬ್ಬರು ಒಬ್ಬರಿಗೆ ಉಪಕಾರ ಮಾಡಿದರೆಂಬ ಭಾವವೂ ಇಲ್ಲ. ಕಾಲೇಜಿನ ವಿದ್ಯಾರ್ಥಿಯು ತನ್ನ ನೆರೆಯಲ್ಲಿ ಸ್ವಯಂಸೇವಕನಾಗಿ ಮಾಡುವ ಕೆಲಸವು ಈ ನಾಲ್ಕರಲ್ಲಿ ಯಾವುದು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅದು ಬಿಟ್ಟಿಯಾಗಬಾರದೆಂಬ ವಿವೇಕವು ನಾಡಿನ ಹಿರಿಯರಿಗೆ ಒಮ್ಮೆಗೇ ಮೂಡಿದುದಲ್ಲ. ಪ್ರೌಢಶಾಲೆಯನ್ನು ಮುಗಿಸಿದವರೆಲ್ಲರೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆಯನ್ನು ಕಡ್ಡಾಯವಾಗಿ ಮಾಡತಕ್ಕದ್ದೆಂದು, 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖರ ಸಮಿತಿಯು ಸೂಚಿಸಿತ್ತು. ಅನಂತರ ಕೆ.ಜಿ. ಸಯ್ಯಿದೈನ್‌ರವರು ಹೊರದೇಶಗಳ ಪದ್ಧತಿಗಳನ್ನು ಪರಿಶೀಲಿಸಿ, ಸೇವೆಯು ಸ್ವಇಚ್ಛೆಯದಾಗಿರುವುದೇ ಲೇಸೆಂದರು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಶಿಕ್ಷಣಮಂತ್ರಿಗಳಾಗಿದ್ದ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಸೇರುವುದೂ ಬಿಡುವುದೂ ವಿದ್ಯಾರ್ಥಿಯ ಮನಸ್ಸಿಗೆ ಬಿಟ್ಟದ್ದು. ಸೇರಿದವನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ಯಾವುದಾದರೊಂದು ಗ್ರಾಮದಲ್ಲಿ ಏಳು ದಿನಗಳ ಶಿಬಿರವನ್ನು ಮುಗಿಸಬೇಕು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ.

ಬಿಟ್ಟಿಯ ಮಾತು ಹೀಗೆ ತೀರಿತಾದರೂ ಕೂಲಿಯ ಶಂಕೆ ಉಳಿಯಿತು. ಗಂಟೆಗಳ ಲೆಕ್ಕವುಂಟು, ಲೆಕ್ಕ ತುಂಬಿದರೆ ಪ್ರಮಾಣಪತ್ರವುಂಟು; ಕೆಲವೆಡೆ ಅಂಕಗಳೂ ದೊರೆಯುವುವು. ಹಾಗಿದ್ದಮೇಲೆ ಇದನ್ನು ಸೇವೆಯೆಂದು ಕರೆಯುವುದೆಂತು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪವು ತೂಕವುಳ್ಳದ್ದೇ. ಆದರೆ ಹದಿನೆಂಟರ ಹುಡುಗನೊಬ್ಬನು ಪ್ರಮಾಣಪತ್ರದ ಆಸೆಯಿಂದ ಹೊರಟನೆಂದ ಮಾತ್ರಕ್ಕೆ ಅವನು ಅದೇ ಮನಸ್ಸಿನಿಂದಲೇ ಹಿಂದಿರುಗುವನೆಂದು ಹೇಳಲಾಗದು. ಬಹುಮಾನದಾಸೆಗೆ ಪುಸ್ತಕ ಹಿಡಿದ ಮಗುವು ಮುಂದೆ ಓದಿನ ರುಚಿಗಾಗಿಯೇ ಓದುವುದುಂಟು. ಮೊದಲ ಹೆಜ್ಜೆಯ ಪ್ರೇರಣೆಯನ್ನು ಶೋಧಿಸುವುದಕ್ಕಿಂತ, ಕೊನೆಯ ಗಂಟೆಯ ಲೆಕ್ಕ ಮುಗಿದ ಮರುದಿನ ಅವನೇನು ಮಾಡುವನೆಂದು ನೋಡುವುದೇ ನ್ಯಾಯವಾದ ಪರೀಕ್ಷೆ.

ಇನ್ನು ದಾನ. ಹೊರನೋಟಕ್ಕೆ ಅತ್ಯಂತ ಶುದ್ಧವಾಗಿ ತೋರುವ ಈ ಹೆಸರಿನಲ್ಲಿಯೇ ಅಪಾಯವು ಹೆಚ್ಚು. ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಶಿಬಿರದ ವಿದ್ಯಾರ್ಥಿಯು ಒಂದು ಬೆಳಿಗ್ಗೆ ಪೊರಕೆ ಹಿಡಿದು ಬೀದಿಯನ್ನು ಗುಡಿಸಿದರೆ ಜನರು ಕೊಂಡಾಡುವರು, ಭಾವಚಿತ್ರವು ಪತ್ರಿಕೆಯಲ್ಲಿ ಅಚ್ಚಾಗುವುದು. ಅದೇ ಬೀದಿಯನ್ನು ದಿನವೂ ಕೋಳಿ ಕೂಗುವ ಹೊತ್ತಿಗೆ ಗುಡಿಸುವ ಪೌರಕಾರ್ಮಿಕಳ ಹೆಸರನ್ನು ಕೇಳಿದವರಿಲ್ಲ. ಒಬ್ಬರ ಕೈಯಲ್ಲಿ ತ್ಯಾಗವೆನಿಸಿದ ಪೊರಕೆಯು ಇನ್ನೊಬ್ಬರ ಕೈಯಲ್ಲಿ ಕೀಳೆನಿಸುವುದಾದರೆ, ಬೀದಿ ಶುಭ್ರವಾಗಿದ್ದರೂ ಮನಸ್ಸು ಶುಭ್ರವಾಗಿಲ್ಲವೆಂದೇ ತಿಳಿಯಬೇಕು. ಈ ಭೇದವು ವಿದ್ಯಾರ್ಥಿಯ ಕಣ್ಣಿಗೆ ಬಿದ್ದು ಅವನನ್ನು ಚುಚ್ಚಿತೆಂದರೆ, ಆ ಬೆಳಗಿನಲ್ಲಿ ಅವನು ಕೊಟ್ಟದ್ದಕ್ಕಿಂತ ಪಡೆದುದೇ ಹೆಚ್ಚು.

ಪಡೆಯುವುದು ಎಂಬ ಈ ಮಾತಿನಿಂದ ನಾಲ್ಕನೆಯ ಹೆಸರಿನ ಅರ್ಥವು ಬೆಳಗುತ್ತದೆ. ಶತಪಥಬ್ರಾಹ್ಮಣವು ದೇವತೆಗಳ, ಋಷಿಗಳ, ಪಿತೃಗಳ ಋಣಗಳೊಡನೆ ಮನುಷ್ಯರ ಋಣವೆಂಬ ನಾಲ್ಕನೆಯದೊಂದನ್ನು ಹೇಳಿ, ಬಂದವರಿಗೆ ಇಂಬುಕೊಟ್ಟು ಅನ್ನವಿಕ್ಕುವುದರಿಂದ ಅದನ್ನು ಸಲ್ಲಿಸಬೇಕೆನ್ನುತ್ತದೆ. ಶಿಬಿರದಲ್ಲಿ ಈ ಋಣವನ್ನು ಮೊದಲು ಸಲ್ಲಿಸುವವರು ಯಾರು? ಶಾಲೆಯ ಕೋಣೆಯನ್ನು ತೆರವು ಮಾಡಿಕೊಡುವವರು, ಬಾಯಾರಿದಾಗ ಮಜ್ಜಿಗೆ ತಂದುಕೊಡುವವರು ಊರಿನವರೇ. ಸೇವೆ ಮಾಡಬಂದವನು ಮೊದಲು ಅತಿಥಿ. ಹಾರೆ ಹಿಡಿಯಲರಿಯದ ಅವನಿಗೆ ಹಿಡಿಯುವ ಬಗೆಯನ್ನು ತೋರಿಸುವವನು ಊರಿನ ಮುದುಕ. ಸಸಿಯನ್ನು ಎಲ್ಲಿ ನೆಟ್ಟರೆ ದನಗಳ ಬಾಯಿಗೆ ಬೀಳದೆಂಬುದು ಅವನ ಪಠ್ಯಪುಸ್ತಕದಲ್ಲಿಲ್ಲ. ಊರಿನ ಹೆಂಗಸರು ಬಲ್ಲರು. ಅವನೂ ಬರಿಗೈಯವನೇನಲ್ಲ: ಅರ್ಜಿಯನ್ನು ಬರೆದುಕೊಡಬಲ್ಲ, ಮಕ್ಕಳಿಗೆ ಲೆಕ್ಕವನ್ನು ಹೇಳಿಕೊಡಬಲ್ಲ. ಹೀಗೆ ಬೇರೆ ಬೇರೆ ಬಲ್ಮೆಗಳು ಸರದಿಯಂತೆ ಕೈಬದಲಾಯಿಸುವುದೇ ಮುಯ್ಯಿ.

ಮುಯ್ಯಿಯು ಒಡನೆಯೇ, ಕೊಟ್ಟವನ ಕೈಗೇ ಹಿಂದಿರುಗಬೇಕೆಂಬ ನಿಯಮವಿಲ್ಲವೆಂಬುದಕ್ಕೆ ರಕ್ತವೇ ಸಾಕ್ಷಿ. ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಕೊಟ್ಟ ತೀರ್ಪಿನ ಮೇರೆಗೆ, 1998ರ ಜನವರಿ 1ರಿಂದ ಭಾರತದಲ್ಲಿ ಹಣಕ್ಕೆ ರಕ್ತ ಕೊಡುವ ವೃತ್ತಿಯು ನಿಷಿದ್ಧವಾಯಿತು. ಕೂಲಿಯ ದಾರಿಯನ್ನು ಕಾನೂನೇ ಮುಚ್ಚಿತು. ಕಾಲೇಜಿನ ಶಿಬಿರದಲ್ಲಿ ಕೈಚಾಚಿ ಮಲಗುವ ವಿದ್ಯಾರ್ಥಿನಿಗೆ ತನ್ನ ರಕ್ತವು ಯಾರ ಮೈಸೇರುವುದೆಂದು ತಿಳಿಯದು. ಪಡೆದವರಿಗೂ ಆಕೆ ಯಾರೆಂದು ತಿಳಿಯದು. ಅದನ್ನು ರಕ್ತದಾನವೆಂದೇ ಕರೆಯುವುದು ವಾಡಿಕೆಯಾದರೂ ಅಲ್ಲಿ ಮೇಲಿನ ಕೈ, ಕೆಳಗಿನ ಕೈ ಎಂಬುದಿಲ್ಲ. ನಾಳೆ ಆಕೆಯ ತಾಯಿಯೇ ಆಸ್ಪತ್ರೆಯಲ್ಲಿ ಮಲಗಿದಾಗ ಮತ್ತಾವನೋ ಅಪರಿಚಿತನ ರಕ್ತವು ಬಾಟಲಿಯಿಂದ ಹನಿಯುತ್ತಿರುವುದು. ಊರೆಲ್ಲ ಸೇರಿ ನಡೆಸುವ ಮುಯ್ಯಿ ಅದು.

ಸೇವೆಯು ನೆರೆಯಲ್ಲಿ ನಡೆಯಬೇಕೆಂಬುದರ ಕಾರಣವೂ ಇಲ್ಲಿಯೇ ಇದೆ. ದೂರದೂರಿಗೆ ಹೋಗಿ ಉಪಕಾರ ಮಾಡಿ ಬಂದವನಿಗೆ ಅದರ ಫಲವನ್ನು ಕಾಣುವ ಕಷ್ಟವಿಲ್ಲ. ನೆರೆಯವರಿಗಾಗಿ ದುಡಿದವನಾದರೋ ಮರುದಿನ ಸಂತೆಯಲ್ಲಿ ಅವರ ಎದುರಿಗೇ ನಿಲ್ಲಬೇಕು. ನೆಟ್ಟ ಸಸಿ ಒಣಗಿದರೆ, ತೋಡಿದ ಚರಂಡಿ ತಿಂಗಳಲ್ಲಿ ಕಟ್ಟಿಕೊಂಡರೆ, ಉತ್ತರ ಹೇಳಬೇಕಾದವನು ಅವನೇ. ಈ ಉತ್ತರದಾಯಿತ್ವವನ್ನು ತರಗತಿಯ ಯಾವ ಪರೀಕ್ಷೆಯೂ ಕಲಿಸಲಾರದು. ಪರೀಕ್ಷೆಯಲ್ಲಿ ತಪ್ಪಿದರೆ ನಷ್ಟ ಬರೆದವನಿಗೆ, ಇಲ್ಲಿ ತಪ್ಪಿದರೆ ನಷ್ಟ ನಂಬಿದವರಿಗೆ.

ಆದುದರಿಂದ 240 ಗಂಟೆಗಳ ಲೆಕ್ಕವನ್ನು ಹಳಿಯಬೇಕಾದುದಿಲ್ಲ. ಅದನ್ನೇ ಸಾಲದ ಕೊನೆಯ ಕಂತೆಂದು ತಿಳಿಯದಿದ್ದರೆ ಸಾಕು. ಮುಯ್ಯಾಳಿನ ಲೆಕ್ಕವನ್ನು ಒಕ್ಕಲಿಗನು ಪುಸ್ತಕದಲ್ಲಿ ಬರೆದಿಡುವುದಿಲ್ಲ. ಅದು ಎಂದಿಗೂ ಪೂರ್ತಿಯಾಗಿ ತೀರುವುದೂ ಇಲ್ಲ. ತೀರದಿರುವುದರಿಂದಲೇ ಎರಡು ಮನೆಗಳ ನಡುವಣ ದಾರಿಯಲ್ಲಿ ಹುಲ್ಲು ಬೆಳೆಯದೆ ಉಳಿಯುತ್ತದೆ.